ವಾಲಿದ ಮನೆಯ ಮಾತು

ನಮ್ಮೂರಿನಲ್ಲಿ ಬೆಳಗಿನ ಬೈಗುಳವನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಸೂರ್ಯ ಮೂಡುವ ಹೊತ್ತಿಗೆ ನೆಲ ಒಂದು ಮಗ್ಗುಲಿಗೆ ಹೊರಳುತ್ತದೆ. ನಿನ್ನೆ ಬಾವಿಯ ಕಡೆಗೆ ಹೊರಳಿದ್ದರೆ ಇವತ್ತು ಶಾಲೆಯ ಕಡೆಗೆ, ನಾಳೆ ಯಾವ ಕಡೆಗೋ. ಅದರ ಮೇಲೆ ನಮ್ಮ ಗಾಲಿಮನೆಗಳು ಕುಡಿದವರ ಹಾಗೆ ವಾಲಿಕೊಂಡು ನಿಂತಿರುತ್ತವೆ. ಅವನ್ನು ಮತ್ತೆ ಮಟ್ಟ ಮಾಡಬೇಕು. ಮನೆಯ ನಡುವೆ ಇಟ್ಟ ಬಟ್ಟಲಿನ ನೀರು ಒಳಗಿನ ಗೆರೆಯನ್ನು ಸುತ್ತಲೂ ಮುಟ್ಟುವ ತನಕ ಬಿಡಬಾರದು. ಮುಟ್ಟಿದ ಮೇಲೆ ಬಾಗಿಲಿಗೆ ಬಂದು “ಸಮ!” ಎಂದು ಕೂಗಬೇಕು. ಅಕ್ಕಪಕ್ಕದವರು “ಸಮ!” ಎಂದು ಮರುಕೂಗು ಕೊಟ್ಟಮೇಲೆ ಬಟ್ಟಲಿನ ನೀರನ್ನು ಅಂಗಳಕ್ಕೆ ಚೆಲ್ಲಬೇಕು. ಅಲ್ಲಿಂದಾಚೆಗೆ ಆ ಮನೆಯಲ್ಲಿ ಆಡಿದ ಮಾತಿಗೆ ತೂಕ. ಅದಕ್ಕೆ ಮುಂಚೆ ಆಡಿದ್ದೆಲ್ಲ ವಾಲುಮಾತು. ವಾಲುಮಾತಿಗೆ ಸಾಕ್ಷಿಯಿಲ್ಲ, ಅದರ ಮೇಲೆ ಸಿಟ್ಟು ಮಾಡುವಂತಿಲ್ಲ, ಸಂಜೆ ನೆನಪಿಸಿಕೊಂಡು ಅಳುವಂತೆಯೂ ಇಲ್ಲ.

ಹೀಗಾಗಿ ಗಂಡ ಹೆಂಡಿರು ತಮ್ಮ ಜಗಳವನ್ನು ಆ ಹೊತ್ತಿಗೆಂದೇ ಎತ್ತಿಟ್ಟುಕೊಂಡಿರುತ್ತಾರೆ. ನಮ್ಮ ಮನೆಯೂ ಅಷ್ಟೆ. “ಲೇ ಹೈಮ, ಎಡಗಡೆ ಗಾಲಿಗೆ ಹಲಗೆ ಕೊಡು ಅಂದ್ರೆ ಬಲಗಡೆ ಗಾಲಿಗೆ ಕೊಡ್ತೀಯಲ್ಲೇ, ನಿಮ್ಮಪ್ಪ ನಿನಗೆ ಎಡ ಬಲಾನೂ ಕಲಿಸ್ಲಿಲ್ವಾ?” ಎಂದು ನನ್ನ ಗಂಡ ಕರಿಬಸು ಒಳಗಿಂದ ಕೂಗುತ್ತಾನೆ. “ನಮ್ಮಪ್ಪ ಎಲ್ಲಾ ಕಲಿಸಿದ್ರು. ನಿಮ್ಮಮ್ಮ ನಿಮಗೆ ಹಾಸಿಗೆ ಬಿಟ್ಟು ಏಳೋದನ್ನ ಕಲಿಸ್ಲಿಲ್ಲ” ಎಂದು ನಾನು ಹೊರಗಿಂದ ಕೂಗುತ್ತೇನೆ. ಸಮ ಆದಮೇಲೆ ಇಬ್ಬರೂ ಕೂತು ಕಾಫಿ ಕುಡಿಯುತ್ತೇವೆ.

ಬೇರೆ ಮನೆಗಳಲ್ಲಿ ಗಂಡಸರು ಹೊರಗೆ ಜಾಕ್ ತಿರುಗಿಸುತ್ತಾರೆ, ಹೆಂಗಸರು ಒಳಗೆ ಬಟ್ಟಲು ನೋಡುತ್ತಾರೆ. ನಮ್ಮಲ್ಲಿ ಮಾತ್ರ ತಿರುವುಮುರುವು. ಕರಿಬಸು ಊರ ಸಮಿತಿಯ ಟ್ರ್ಯಾಕ್ಟರ್ ಓಡಿಸುವವನು. ದಿನವಿಡೀ ಬೇರೆಯವರ ಗಾಲಿಮನೆ ಎಳೆದು ಅವನ ಸೊಂಟ ಸೋತಿದೆ ಎಂದು ಹೇಳುತ್ತಾನೆ. ನಿಜವಾದ ಕಾರಣ ನಾನು. ಬೇರೆ ಯಾರು ಜಾಕ್ ಹಿಡಿದರೂ ನನಗೆ ಸಮಾಧಾನವಿಲ್ಲ. ಮೊದಲು ಅಡ್ಡಕ್ಕೆ ಸರಿ ಮಾಡಬೇಕು: ತಗ್ಗಿನ ಗಾಲಿಯನ್ನು ಹಲಗೆಯ ಮೇಲೆ ಹತ್ತಿಸಿ, ಎರಡೂ ಗಾಲಿಗೆ ಹಿಂದೆ ಮುಂದೆ ಕಲ್ಲು ಕೊಡಬೇಕು. ಆಮೇಲೆ ಉದ್ದಕ್ಕೆ: ಟ್ರ್ಯಾಕ್ಟರಿನ ಕೊಕ್ಕೆ ಸಿಕ್ಕಿಸುವ ಮೂತಿಯ ಜಾಕನ್ನು ತಿರುಗಿಸಿ ಏರಿಸಬೇಕು, ಇಲ್ಲವೆ ಇಳಿಸಬೇಕು. ಕೊನೆಗೆ ನಾಲ್ಕು ಮೂಲೆಯ ಕಾಲುಗಳನ್ನು ನೆಲಕ್ಕೆ ತಾಗಿಸಬೇಕು; ತಾಗಿಸಬೇಕೇ ಹೊರತು ಅವುಗಳಿಂದ ಮನೆಯನ್ನು ಎತ್ತಬಾರದು. ಅವಸರದವರು ಅವುಗಳಿಂದಲೇ ಎತ್ತಿ, ಚೌಕಟ್ಟು ಸೊಟ್ಟಗಾಗಿ, ಬಾಗಿಲು ಹಾಕಲಾಗದೆ ದಿನವೆಲ್ಲ ಅದರ ಜೊತೆ ಗುದ್ದಾಡುತ್ತಾರೆ. ನಾನು ಎಲ್ಲವನ್ನೂ ಕ್ರಮವಾಗಿ ಮಾಡಿ, ಒಳಗೆ ಹೋಗಿ ಬಟ್ಟಲು ನೋಡಿ, ಹೊರಗೆ ಬಂದು ಕಾಲು ನೋಡಿ, ಮತ್ತೆ ಒಳಗೆ ಹೋಗುತ್ತೇನೆ. ಇಡೀ ಸಾಲು ಸಮ ಕೂಗಿ ಮುಗಿಸಿದ ಮೇಲೆ ನಮ್ಮ ಮನೆಯ ಕೂಗು. “ಹೈಮನ ಮನೆ ಸಮ ಆಯ್ತು ಅಂದ್ರೆ ಊಟದ ಹೊತ್ತಾಯ್ತು ಅಂತ ತಿಳ್ಕೊಳಿ” ಎಂದು ಎದುರು ಮನೆಯ ತಿಮ್ಮಕ್ಕ ಬೀದಿಗೆಲ್ಲ ಕೇಳುವಂತೆ ಹೇಳುತ್ತಾಳೆ.

ನನ್ನ ಸ್ವಭಾವವೇ ಹಾಗೆ. ಹಗಲು ರವಿಕೆ ಹೊಲಿಯುತ್ತೇನೆ. ಅಳತೆಯ ಟೇಪನ್ನು ಒಂದೇ ತೋಳಿಗೆ ಮತ್ತೆ ಮತ್ತೆ ಹಿಡಿದಾಗ ಬಂದವರು ನಗುತ್ತಾರೆ. ಮದುವೆಯಾದ ಮೇಲೆ ಸಂಜೆ ಶಾಲೆಗೆ ಹೋಗಿ ಹತ್ತನೇ ತರಗತಿ ಮುಗಿಸಿದೆ. ಶಾಲೆಯ ಗಾಲಿಮನೆಯನ್ನು ಬೆಳಿಗ್ಗೆ ಮಟ್ಟ ಮಾಡಿರುತ್ತಿದ್ದರು. ಹಗಲೆಲ್ಲ ಮಕ್ಕಳು ಕುಣಿದು ಸಂಜೆಯ ಹೊತ್ತಿಗೆ ಅದು ಎಷ್ಟು ಮಟ್ಟವಾಗಿ ಉಳಿದಿರುತ್ತಿತ್ತೋ ಯಾರಿಗೆ ಗೊತ್ತು. ಅಲ್ಲಿ ಕಲಿತದ್ದು ಲೆಕ್ಕಕ್ಕೆ ಬರುತ್ತದೆಯೇ ಎಂದು ಒಮ್ಮೆ ಮೇಷ್ಟ್ರನ್ನು ಕೇಳಿದ್ದೆ. ಅವರು ಸೀಮೆಸುಣ್ಣ ಕೆಳಗಿಟ್ಟು, “ಹೈಮಾವತಿ, ಪರೀಕ್ಷೆ ಬೆಳಿಗ್ಗೆ ಇಡ್ತಾರಮ್ಮ, ಹೆದರಬೇಡ” ಅಂದರು.

ಜುಬೇದಕ್ಕ ನಮ್ಮ ಪಕ್ಕದ ಮನೆಯವರು. ಬಾಗಿಲಲ್ಲೇ ಒಲೆ ಇಟ್ಟು ಮೆಣಸಿನಕಾಯಿ ಬಜ್ಜಿ ಕರಿದು ಮಾರುತ್ತಾರೆ. ಅವರ ಗಂಡ ಸತ್ತಾರ್ ಸಾಬರು ಹೊರಗೆ ಜಾಕ್ ತಿರುಗಿಸುತ್ತ “ಸಾಕೇನೆ?” ಅನ್ನುವುದು, ಇವರು ಒಳಗಿಂದ “ಇನ್ನೊಂಚೂರು, ಇನ್ನೊಂಚೂರು... ಅಯ್ಯೋ ಜಾಸ್ತಿ ಆಯ್ತು, ಇಳಿಸ್ರಿ” ಅನ್ನುವುದು ನಮಗೆ ಬೆಳಗಿನ ಹಾಡಿನಂತಾಗಿತ್ತು. ಸತ್ತಾರ್ ಸಾಬರು ಎದೆನೋವಿನಿಂದ ತೀರಿಕೊಂಡರು. ಸಾವಾದ ಮನೆಯನ್ನು ಒಂದಷ್ಟು ದಿನ ಮಟ್ಟ ಮಾಡುವುದಿಲ್ಲ. ದುಃಖದಲ್ಲಿರುವವರು ಏನಾದರೂ ಆಡಲಿ, ಅದನ್ನು ಹಿಡಿದು ಕೇಳಬಾರದು ಅಂತ ಹಿರಿಯರು ಮಾಡಿಟ್ಟ ಪದ್ಧತಿ. ಅದು ಒಳ್ಳೆಯದೇ. ಇನ್ನೊಂದು ಪದ್ಧತಿಯೂ ಇದೆ. ಒಬ್ಬರೇ ಇರುವ ಮನೆಯನ್ನು ಊರಿನ ಅಂಚಿಗೆ ಎಳೆದು ಬಿಡಬೇಕು. ಮಟ್ಟ ಮಾಡಲು ಒಳಗೊಬ್ಬರು ಹೊರಗೊಬ್ಬರು ಬೇಕು, ಒಬ್ಬರಿಂದ ಆಗದು, ಆಗದವರು ಒಳ್ಳೆಯ ಜಾಗ ಹಿಡಿದುಕೊಂಡು ಕೂರಬಾರದು, ಇದು ಅದರ ನ್ಯಾಯ. ಅಂಚಿನಲ್ಲಿ ನೆಲ ಬೆಳಿಗ್ಗೆಯೂ ಹೊರಳುತ್ತದೆ, ಮಧ್ಯಾಹ್ನವೂ ಹೊರಳುತ್ತದೆ. ಅಲ್ಲಿಯ ಮನೆಗಳಲ್ಲಿ ಪಾತ್ರೆಗಳನ್ನು ಹಗ್ಗದಿಂದ ಕಟ್ಟಿರುತ್ತಾರೆ. ಅಲ್ಲಿಂದ ಸಮ ಎಂಬ ಕೂಗು ಕೇಳುವುದೇ ಇಲ್ಲ. ಅಂಥಲ್ಲಿ ಕಾದ ಎಣ್ಣೆಯ ಬಾಣಲೆ ಇಡುವುದೆಂದರೆ ಮೈ ಸುಟ್ಟುಕೊಳ್ಳುವುದೇ. ಜುಬೇದಕ್ಕನಿಗೆ ಬೇರೆ ಕಸುಬು ಗೊತ್ತಿಲ್ಲ.

ಅದಕ್ಕೆ ನಾನೇ ಹೋಗಿ ಸಮಿತಿಯ ಯಜಮಾನರಾದ ಶಾಂತವೀರಪ್ಪನವರನ್ನು ನಮ್ಮ ಮನೆಗೆ ಕರೆದೆ. ಅವರು ಇಬ್ಬರು ಸದಸ್ಯರೊಂದಿಗೆ ಬಂದರು. ನಮ್ಮ ಪದ್ಧತಿಯಂತೆ ಗಂಡಸರು ಬಾಗಿಲ ಕಡೆಯ ಉದ್ದ ಬೆಂಚಿನ ಮೇಲೆ ಕೂತರು, ನಾನು ಮತ್ತು ಜುಬೇದಕ್ಕ ಒಲೆಯ ಪಕ್ಕ ನಿಂತೆವು. ಬೆಳಿಗ್ಗೆ ನಾನು ಎಂದಿಗಿಂತ ಹೆಚ್ಚು ಸಲ ಬಟ್ಟಲು ನೋಡಿ ಸಮ ಕೂಗಿದ್ದೆ. ನನ್ನ ಮಾತನ್ನು ಯಜಮಾನರು ತಾಳ್ಮೆಯಿಂದ ಕೇಳಿದರು. ಜುಬೇದಕ್ಕ ತಂದಿಟ್ಟ ಬಜ್ಜಿಯಲ್ಲಿ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು, “ಸತ್ತಾರು ನಮ್ಮವನು. ಅವನ ಹೆಂಡ್ತಿ ಇಲ್ಲೇ ಇರ್ಲಿ. ದಿನಾ ಹೈಮ ಜಾಕ್ ಹಿಡೀಲಿ, ಇವಳು ಬಟ್ಟಲು ನೋಡ್ಲಿ. ಇದು ನನ್ನ ಮಾತು” ಅಂದರು. ಜುಬೇದಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡರು. ಅಂದಿನಿಂದ ಪ್ರತಿ ಬೆಳಿಗ್ಗೆ ನಮ್ಮ ಮನೆ ಮುಗಿಸಿ ಅವರ ಮನೆಗೆ ಜಾಕ್ ಹೊತ್ತುಕೊಂಡು ಹೋಗತೊಡಗಿದೆ. ತಿಮ್ಮಕ್ಕ, “ಈಗ ಊಟದ ಹೊತ್ತಲ್ಲ, ಸಂಜೆ ಕಾಫಿ ಹೊತ್ತಾಗುತ್ತೆ” ಅಂದಳು.

ಮಳೆಗಾಲ ಕಳೆದ ಮೇಲೆ ಯಜಮಾನರ ಭಾವಮೈದ ಊರಿಗೆ ಬಂದ. ಅವನ ಗಾಲಿಮನೆ ಉದ್ದನೆಯದು, ಒಂದೊಂದು ಪಕ್ಕಕ್ಕೂ ಜೋಡಿ ಗಾಲಿಯದು. ಉದ್ದನೆಯ ಮನೆಗೆ ಕಡಿಮೆ ಹೊರಳುವ ನೆಲ ಬೇಕು, ಇಲ್ಲದಿದ್ದರೆ ಹಲಗೆ ಎಷ್ಟು ಕೊಟ್ಟರೂ ಸಾಲದು. ಕಡಿಮೆ ಹೊರಳುವ ನೆಲವಿರುವುದು ನಮ್ಮ ಸಾಲಿನಲ್ಲಿ. ಟ್ರ್ಯಾಕ್ಟರ್ ನಿಲ್ಲಿಸಿ ಮನೆಗೆ ಬಂದ ಕರಿಬಸು ಕೈಕಾಲು ತೊಳೆಯದೆ ಬಾಗಿಲಲ್ಲೇ ನಿಂತ. “ಜುಬೇದಕ್ಕನ ಮನೇನ ಅಂಚಿಗೆ ಎಳೀಬೇಕಂತೆ” ಅಂದ.

ನಾನು ಹೊಲಿಯುತ್ತಿದ್ದ ರವಿಕೆಯನ್ನು ಕೈಯಲ್ಲಿ ಹಿಡಿದುಕೊಂಡೇ ಯಜಮಾನರ ಮನೆಗೆ ಓಡಿದೆ. ಅವರು ನನ್ನನ್ನು ಗದರಲಿಲ್ಲ. ಕೂರು ಅಂದರು, ನೀರು ಕೊಡಿಸಿದರು. “ಮಾತು ಕೊಟ್ಟಿದ್ದೆ ಕಣಮ್ಮ, ಇಲ್ಲ ಅನ್ನಲ್ಲ. ಆದ್ರೆ ಅವತ್ತು ನಿಮ್ಮನೆ ಸಮ ಇತ್ತಾ?” ಎಂದು ಕೇಳಿದರು. “ನನಗೇನೋ ಕೂತಲ್ಲೇ ಒಂದು ಕಡೆಗೆ ಜಾರಿದ ಹಾಗೆ ಆಗಿತ್ತು. ಲೋಟದ ಕಾಫಿ ಒಂದು ಅಂಚಿಗೆ ಬಂದಿತ್ತು. ಅವತ್ತೇ ಹೇಳಿದ್ರೆ ನಿನಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ. ಇತ್ತು ಅಂತ ನಿನಗೆ ಖಾತ್ರಿ ಇದ್ರೆ ಸಮಿತಿ ಮುಂದೆ ಬಟ್ಟಲು ಮುಟ್ಟಿ ಹೇಳು. ನೀನು ಸುಳ್ಳು ಹೇಳೋಳಲ್ಲ ಅಂತ ಊರಿಗೇ ಗೊತ್ತು.”

ಅವರು ನನ್ನನ್ನು ಚೆನ್ನಾಗಿ ಅಳೆದಿದ್ದರು. ಖಾತ್ರಿ ಎಂಬ ಪದಾರ್ಥ ನನ್ನ ಹತ್ತಿರ ಯಾವತ್ತೂ ಇದ್ದದ್ದಿಲ್ಲ. ಬಾಗಿಲಿಗೆ ಬೀಗ ಹಾಕಿ ಸಂತೆಯ ತನಕ ಹೋಗಿ ವಾಪಸು ಬಂದು ಎಳೆದು ನೋಡುವವಳು ನಾನು. ಅವತ್ತು ಬಟ್ಟಲಿನ ನೀರು ಗೆರೆ ಮುಟ್ಟಿದ್ದು ಕಣ್ಣಿಗೆ ಕಟ್ಟಿದಂತಿದೆ. ಆದರೆ ಅದು ಅವತ್ತಿನದೋ, ಹಿಂದಿನ ದಿನದ್ದೋ? ಬಲಗಡೆಯ ಹಿಂದಿನ ಕಾಲು ನೆಲಕ್ಕೆ ತಾಗಿತ್ತೋ, ತಾಗಿದೆ ಎಂದು ಅಂದುಕೊಂಡಿದ್ದೆನೋ? ಯೋಚಿಸುತ್ತ ಯೋಚಿಸುತ್ತ ಹೊಲಿಯುತ್ತಿದ್ದ ರವಿಕೆಗೆ ಎರಡೂ ಎಡತೋಳು ಹಚ್ಚಿಬಿಟ್ಟೆ.

“ಇತ್ತು ಅಂದ್ಬಿಡೇ” ಅಂದ ಕರಿಬಸು.

“ಇಲ್ದೇ ಇದ್ದಿದ್ರೆ?”

“ಹಂಗಾದ್ರೆ ಇರ್ಲಿಲ್ಲ ಅಂದ್ಬಿಡು.”

“ಇದ್ದಿದ್ರೆ?”

“ದೇವ್ರೇ, ನಿನ್ನ ಜೊತೆ ಬಾಳೋದಕ್ಕಿಂತ ಟ್ರ್ಯಾಕ್ಟರ್ ಜೊತೆ ಬಾಳೋದು ವಾಸಿ. ಅದು ಸ್ಟಾರ್ಟ್ ಆಗುತ್ತೆ, ಇಲ್ಲ ಆಗಲ್ಲ” ಅಂದ. ಅದು ಮನೆ ಸಮ ಆದಮೇಲೆ ಆಡಿದ ಮಾತು. ನಾನು ತಿರುಗಿ ನೋಡಿದ್ದಕ್ಕೆ, “ತಪ್ಪಾಯ್ತು, ನಾಳೆ ಬೆಳಿಗ್ಗೆ ಹೇಳ್ತೀನಿ” ಅಂದ.

ಮರುದಿನ ಬೆಳಿಗ್ಗೆ ಜುಬೇದಕ್ಕನ ಮನೆಯ ಮೂತಿಗೆ ಜಾಕ್ ಹಚ್ಚಿ ತಿರುಗಿಸುತ್ತಿದ್ದೆ. ಮನೆ ಇನ್ನೂ ವಾಲಿಕೊಂಡೇ ಇತ್ತು. ಅವರು ಬಟ್ಟಲು ಬಿಟ್ಟು ಬಾಗಿಲಿಗೆ ಬಂದರು. “ಹೈಮ, ವಾಲುಮಾತು ಹೇಳ್ತೀನಿ ಕೇಳು. ನಿನ್ನ ಮೇಲೆ ನನಗೆ ಹೊಟ್ಟೆ ಉರೀತದೆ. ಅವರು ತಿಂದಿದ್ದು ನನ್ನ ಬಜ್ಜಿ, ಮಾತು ಕೊಟ್ಟಿದ್ದು ನನ್ನ ಕಣ್ಮುಂದೆ. ನಿನ್ನ ಅನುಮಾನದ ರೋಗಕ್ಕೆ ನನ್ನ ಬಾಣಲೆ ಅಂಚಿಗೆ ಹೋಗ್ಬೇಕಾ? ನಮ್ಮನೆಯವರು ಇದ್ದಿದ್ರೆ ನಿನ್ನಂಥವಳ ಬಾಗಿಲಿಗೆ ಬರ್ತಿರ್ಲಿಲ್ಲ ನಾನು.” ಇಷ್ಟು ಹೇಳಿ ಒಳಗೆ ಹೋದರು. ನಾನು ಜಾಕ್ ತಿರುಗಿಸಿದೆ. “ಇನ್ನೊಂಚೂರು” ಅಂದರು. ತಿರುಗಿಸಿದೆ. “ಸಾಕು” ಅಂದರು. ಸಮ ಕೂಗಿ, ನೀರು ಚೆಲ್ಲಿ, ನನಗೊಂದು ಲೋಟ ಚಹಾ ತಂದುಕೊಟ್ಟು, “ನನಗೋಸ್ಕರ ಬಟ್ಟಲು ಮುಟ್ಟಿ ಸುಳ್ಳು ಹೇಳ್ಬೇಡ ಕಣೆ, ನಿನಗೆ ನಿದ್ದೆ ಬರಲ್ಲ” ಅಂದರು. ನಿಯಮದ ಪ್ರಕಾರ ನಾನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಎರಡನೆಯದನ್ನು. ಆದರೆ ದಿನವಿಡೀ ನನ್ನ ಕಿವಿಯಲ್ಲಿ ಉಳಿದದ್ದು ಮೊದಲನೆಯದು. ನಮ್ಮೂರಿನವರು ನಿಜ ಹೇಳುವುದು ಯಾವ ಹೊತ್ತಿನಲ್ಲಿ ಎಂಬ ಯೋಚನೆ ನನಗೆ ಆವರೆಗೆ ಬಂದಿರಲಿಲ್ಲ.

ಯೋಚಿಸಿ ಸಾಕಾಗಿ ಒಂದು ಕೆಲಸ ಮಾಡಿದೆ. ಒಂದು ಬೆಳಿಗ್ಗೆ ನಮ್ಮ ಮನೆಯನ್ನು ಮಟ್ಟ ಮಾಡಿ ಸಮ ಕೂಗಿದೆ, ಆದರೆ ಬಟ್ಟಲಿನ ನೀರನ್ನು ಚೆಲ್ಲಲಿಲ್ಲ. ಅದು ತಪ್ಪು. ಚೆಲ್ಲದಿದ್ದರೆ ಮನೆಗೆ ಕೇಡು ಅನ್ನುತ್ತಾರೆ. ಕರಿಬಸುವನ್ನು ಯಜಮಾನರು ಕೂತಿದ್ದ ಜಾಗದಲ್ಲಿ ಕೂರಿಸಿದೆ. ತಿಮ್ಮಕ್ಕನನ್ನೂ ಅವಳ ಗಂಡನನ್ನೂ ಕರೆದು ಸದಸ್ಯರಿಬ್ಬರ ಜಾಗದಲ್ಲಿ ಕೂರಿಸಿದೆ. ಜುಬೇದಕ್ಕನನ್ನು ಒಲೆಯ ಪಕ್ಕ ನಿಲ್ಲಿಸಿ ಬಟ್ಟಲಿನ ಹತ್ತಿರ ಮೊಣಕಾಲೂರಿ ಕೂತೆ. ಬೆಂಚಿನ ಮೇಲೆ ಭಾರ ಬೀಳುತ್ತಿದ್ದಂತೆ ಗಾಡಿಯ ಕಮಾನು ಪಟ್ಟಿ ಕಿರ್ ಅಂದಿತು. ಹೊರಗೆ ಮೂಲೆಯ ಕಾಲು ಮಣ್ಣಿನಲ್ಲಿ ಒಂದಿಷ್ಟು ಇಳಿದಿರಬೇಕು. ನೀರು ಗೆರೆ ಬಿಟ್ಟು ಬಾಗಿಲ ಕಡೆಗೆ ಸರಿಯಿತು. “ಏನು ಹೈಮ, ನನ್ನ ಭಾರ ತೂಗ್ತಿದೀಯಾ?” ಅಂದಳು ತಿಮ್ಮಕ್ಕ. ಎದ್ದು ನಿಲ್ಲಿ ಅಂದೆ. ಎದ್ದು ಒಲೆಯ ಕಡೆಗೆ ಬಂದರು. ನೀರು ಆ ಕಡೆಗೆ ಬಂತು. ಎಲ್ಲರನ್ನೂ ಹೊರಗೆ ಕಳಿಸಿದೆ. ನೀರು ಗೆರೆಗೆ ಮರಳಿತು.

ಬಟ್ಟಲನ್ನೇ ನೋಡುತ್ತ ಕೂತೆ. ಜನ ಇಲ್ಲದಾಗ ಮಾತ್ರ ಮನೆ ಸಮ ಇರುತ್ತದೆ. ಯಾರಾದರೂ ಬಂದು ಕೂತರೆ ವಾಲುತ್ತದೆ. ಮದುವೆಯ ಮಾತು, ಪಾಲಿನ ಮಾತು, ಮಗುವಿಗೆ ಹೆಸರಿಟ್ಟ ಮಾತು ಎಲ್ಲವನ್ನೂ ನಾವು ಬಂದು ಕೂತವರ ಮುಂದೆ ಆಡುತ್ತೇವೆ, ಬರಿಗೋಡೆಗೆ ಆಡುವುದಿಲ್ಲ. ಕೂಗಿದ ಕೂಡಲೇ ನೀರು ಚೆಲ್ಲುವುದರಿಂದ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನನಗೆ ಹೆದರಿಕೆಯಾಯಿತು. ಹೆದರಿಕೆಯ ಅಡಿಯಲ್ಲಿ ಇನ್ನೊಂದು ಇತ್ತು, ಅದನ್ನು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು. ಜನ್ಮದಲ್ಲಿ ಮೊದಲ ಸಲ ಒಂದು ವಿಷಯ ನನಗೆ ಖಾತ್ರಿಯಾಗಿ ತಿಳಿದಿತ್ತು. ಅವತ್ತು ನಮ್ಮ ಮನೆ ಸಮ ಇರಲಿಲ್ಲ.

ಸಮಿತಿಯ ಮನೆ ಊರಲ್ಲೇ ದೊಡ್ಡದು. ಅಲ್ಲಿ ಮಾತ್ರ ಬಟ್ಟಲಿನ ನೀರನ್ನು ಚೆಲ್ಲುವುದಿಲ್ಲ. ಸಾಕ್ಷಿ ಹೇಳುವವರು ಅದರ ಅಂಚು ಮುಟ್ಟಿ ಹೇಳಬೇಕು. ನಾನು ಹೋದಾಗ ಮನೆ ತುಂಬಿತ್ತು. ಗಂಡಸರು ಬಾಗಿಲ ಕಡೆ ಒತ್ತೊತ್ತಾಗಿ ಕೂತಿದ್ದರು. ಯಜಮಾನರ ಭಾವಮೈದ ಹೊಸ ಜಾಗದ ಪಾಯಸ ಈಗಲೇ ಉಂಡವನ ಹಾಗೆ ಕಾಣುತ್ತಿದ್ದ. ಜುಬೇದಕ್ಕ ಒಳಗೆ ಬರಲಿಲ್ಲ, ಮೆಟ್ಟಿಲ ಬಳಿ ನಿಂತರು. ನಾನು ಬಟ್ಟಲಿನ ಅಂಚಿಗೆ ಬೆರಳಿಟ್ಟೆ.

“ಹೇಳಮ್ಮ. ಅವತ್ತು ನಿಮ್ಮನೆ ಸಮ ಇತ್ತಾ, ಇರ್ಲಿಲ್ವಾ?” ಎಂದರು ಯಜಮಾನರು.

“ಇರ್ಲಿಲ್ಲ” ಅಂದೆ.

ಮೆಟ್ಟಿಲ ಬಳಿ ಜುಬೇದಕ್ಕ ಉಸಿರೆಳೆದುಕೊಂಡದ್ದು ಕೇಳಿಸಿತು. ಯಜಮಾನರು ಸಮಾಧಾನದಿಂದ ತಲೆಯಾಡಿಸಿದರು. “ನೋಡಿ, ಇದಕ್ಕೇ ನಾನು ಹೇಳಿದ್ದು. ಹೆಣ್ಣುಮಗಳಾದ್ರೂ ನಿಜ ಹೇಳಿದ್ಲು.”

“ಇನ್ನೂ ಮುಗೀಲಿಲ್ಲ ಯಜಮಾನ್ರೇ” ಅಂದೆ. ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು. “ನೀವು ಬರೋ ತನಕ ಸಮ ಇತ್ತು. ನೀವು ಬಂದು ಕೂತ್ರಿ, ವಾಲ್ತು.”

ಹಿಂದೆ ಯಾರೋ ಕಿಸಕ್ಕೆಂದು ನಕ್ಕರು. ಯಜಮಾನರು ದಪ್ಪನೆಯ ಮನುಷ್ಯರು, ಅದನ್ನು ಆಡಿಕೊಂಡೆನೆಂದು ಅಂದುಕೊಂಡಿರಬೇಕು. ನಾನು ಅದಕ್ಕೆ ಹೇಳಿದ್ದಲ್ಲ. “ಯಾರು ಕೂತರೂ ವಾಲುತ್ತೆ. ತಿಮ್ಮಕ್ಕ ಕೂತರೂ ವಾಲ್ತು. ಬಟ್ಟಲು ಇಟ್ಟು ನೋಡಿದೀನಿ. ನಿಮ್ಮನೇಲೂ ವಾಲುತ್ತೆ. ಈಗ ಇಲ್ಲೂ ವಾಲಿದೆ. ನೋಡಿ, ನೀರು ಗೆರೆ ಬಿಟ್ಟು ನಿಮ್ಮ ಕಡೆಗೆ—”

ಯಜಮಾನರು ಹೆಗಲ ಮೇಲಿನ ಟವೆಲ್ ತೆಗೆದು ಬಟ್ಟಲಿನ ಮೇಲೆ ಹಾಕಿದರು. ಅವಸರದಿಂದ ಹಾಕಲಿಲ್ಲ, ಮಲಗಿದ ಮಗುವಿಗೆ ಹೊದಿಸುವ ಹಾಗೆ ಹಾಕಿದರು. ಅಷ್ಟು ಜನರಲ್ಲಿ ಒಬ್ಬರೂ ಬಗ್ಗಿ ನೋಡಲಿಲ್ಲ. ಎಲ್ಲರ ಕಣ್ಣೂ ಮನೆಯ ಸೂರಿನ ಮೇಲಿತ್ತು. ಮಕ್ಕಳ ಮದುವೆ ಮಾಡಿದವರು, ಅಣ್ಣತಮ್ಮಂದಿರ ಜೊತೆ ಪಾಲು ಮಾಡಿಕೊಂಡವರು ಅಲ್ಲಿ ಕೂತಿದ್ದರು. ಅವರ ಹೆದರಿಕೆ ನನಗೆ ಅರ್ಥವಾಯಿತು, ನಾನೂ ಹೆದರಿದ್ದವಳೇ. ಆದರೆ ಅವರೆಲ್ಲರ ಮಾತು ಉಳಿಯುವುದಕ್ಕೆ ಜುಬೇದಕ್ಕನಿಗೆ ಕೊಟ್ಟ ಒಂದು ಮಾತು ಬೀಳಬೇಕೆಂದಾಗ ನನಗೆ ಕೆಂಡದಂಥ ಸಿಟ್ಟು ಬಂತು.

“ಸಾಕ್ಷಿ ಹೇಳಿಯಾಯ್ತು” ಅಂದರು ಯಜಮಾನರು. “ಮನೆ ಸಮ ಇರ್ಲಿಲ್ಲ ಅಂತ ಮನೆಯವಳೇ ಹೇಳಿದಾಳೆ. ಆ ಮಾತು ನಿಲ್ಲಲ್ಲ. ನಾಳೆ ಬೆಳಿಗ್ಗೆ ಜುಬೇದಾಳ ಮನೆ ಅಂಚಿಗೆ. ಕರಿಬಸು, ಬಿಸಿಲೇರೋಕೆ ಮುಂಚೆ ಟ್ರ್ಯಾಕ್ಟರ್ ತಗೊಂಡು ಬಾ.”

ಕರಿಬಸು ಎದ್ದು ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡ. ದಾರಿಯಲ್ಲಿ ಜುಬೇದಕ್ಕ, “ಸತ್ಯ ಹೇಳಿ ಬಂದ್ಯಲ್ಲ, ಈಗ ಹೊಟ್ಟೆ ತುಂಬ್ತಾ?” ಅಂದರು. ನಡುಬೀದಿಯಲ್ಲಿ ಆಡಿದ ಮಾತು ಯಾವ ಲೆಕ್ಕಕ್ಕೆ ಸೇರುತ್ತದೆಂದು ನಮ್ಮೂರಿನಲ್ಲಿ ಯಾರೂ ತೀರ್ಮಾನಿಸಿಲ್ಲ.

ಮರುದಿನ ನೆಲ ಹೊರಳಿತು. ನಾನು ನಮ್ಮ ಮನೆಯ ಜಾಕ್ ಮುಟ್ಟಲಿಲ್ಲ. ಕರಿಬಸು ಇಳಿಜಾರಾದ ಹಾಸಿಗೆಯ ಮೇಲೆ ಕೂತು ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದ. “ಎಲ್ಲಿಗೆ?” ಅಂದ. “ಬಜ್ಜಿ ಕರಿಯೋಕೆ” ಅಂದೆ. “ಮನೆ ಮಟ್ಟ ಮಾಡಲ್ವಾ?” “ಮಾಡಲ್ಲ.” ನನಗೆ ಜ್ವರ ಬಂದಿದೆಯೇ ಎಂದು ಅವನಿಗೆ ಅನಿಸಿರಬೇಕು.

ಜುಬೇದಕ್ಕ ಪಾತ್ರೆಗಳನ್ನು ಹಗ್ಗದಿಂದ ಕಟ್ಟುತ್ತಿದ್ದರು, ಅಂಚಿನವರು ಕಟ್ಟುವ ಹಾಗೆ. ನಾನು ಹಗ್ಗ ಕಿತ್ತುಕೊಂಡೆ. “ಬಾಣಲೆ ಇಡಿ” ಅಂದೆ. “ಹುಚ್ಚು ಹಿಡೀತಾ ನಿನಗೆ? ವಾಲಿದ ಮನೇಲಿ ಎಣ್ಣೆ ಕಾಯಿಸ್ತಾರಾ?” ಅಂದರು. ಅವರು ಹೇಳಿದ್ದು ಸರಿಯೇ. ಕಾದ ಎಣ್ಣೆಯ ವಿಷಯದಲ್ಲಿ ಪಂತ ಕಟ್ಟಬಾರದು. ಹಲಗೆಯೊಂದನ್ನು ಒಲೆಯ ತಗ್ಗಿನ ಕಡೆಗೆ ತುರುಕಿದೆ, ಸಾಲಲಿಲ್ಲ, ಇನ್ನೊಂದು ತುರುಕಿದೆ. ಅಲುಗಾಡದಂತೆ ಕಲ್ಲು ಕೊಟ್ಟೆ. ಬಾಣಲೆಗೆ ಮೊದಲು ನೀರು ಹಾಕಿ ನೋಡಿದೆ, ಆಮೇಲೆ ಅದನ್ನು ಒರೆಸಿ ಒಣಗಿಸಿ ಎಣ್ಣೆ ಹಾಕಿದೆವು. ಮನೆ ಹಾಗೇ ವಾಲಿಕೊಂಡಿತ್ತು, ಒಲೆ ಮಾತ್ರ ನೆಟ್ಟಗೆ ಕೂತಿತ್ತು. ಜುಬೇದಕ್ಕ ಒಂದು ಕೈಯಲ್ಲಿ ಗೋಡೆ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಮೆಣಸಿನಕಾಯಿಯನ್ನು ಹಿಟ್ಟಿನಲ್ಲಿ ಅದ್ದಿದರು. ಇದ್ದಕ್ಕಿದ್ದಂತೆ ಅವರಿಗೆ ನಗು ಬಂತು. “ಸತ್ತವರು ಇದನ್ನ ನೋಡಿದ್ರೆ ಮತ್ತೆ ಎದೆ ಹಿಡ್ಕೊಳ್ತಿದ್ರು” ಅಂದರು.

ಬಜ್ಜಿಯ ವಾಸನೆ ಬೀದಿಗೆ ಹೋಯಿತು. ಯಾವ ಮನೆಯಿಂದಲೂ ಸಮ ಎಂಬ ಕೂಗು ಬಂದಿರಲಿಲ್ಲ, ಅಷ್ಟರಲ್ಲೇ ಬಜ್ಜಿಯ ವಾಸನೆ! ಮೊದಲು ತಿಮ್ಮಕ್ಕ ಬಂದಳು. ಜಾಕಿನ ಹಿಡಿಕೆ ಕೈಯಲ್ಲೇ ಇತ್ತು. ಬಾಗಿಲ ಒಳಗೆ ಇಣುಕಿ ನೋಡಿದಳು, ನನ್ನ ಮುಖ ನೋಡಿದಳು, ಹಿಡಿಕೆಯನ್ನು ಮೆಟ್ಟಿಲ ಮೇಲಿಟ್ಟು ತಟ್ಟೆ ಕೇಳಿದಳು.

ಟ್ರ್ಯಾಕ್ಟರ್ ಬಂತು. ಹಿಂದೆ ಯಜಮಾನರು ನಡೆದು ಬಂದರು, ಅವರ ಹಿಂದೆ ಭಾವಮೈದ. ಕರಿಬಸು ಟ್ರ್ಯಾಕ್ಟರನ್ನು ಮನೆಯ ಮೂತಿಯ ಮುಂದೆ ತಂದು ನಿಲ್ಲಿಸಿ ಇಂಜಿನ್ ಆರಿಸಿದ.

“ಕೊಕ್ಕೆ ಹಾಕು” ಅಂದರು ಯಜಮಾನರು.

“ಒಳಗೆ ಎಣ್ಣೆ ಕಾಯ್ತಿದೆ ಯಜಮಾನ್ರೇ” ಅಂದ ಕರಿಬಸು. “ಎಳೆದ್ರೆ ಇಬ್ಬರ ಮೈಮೇಲೂ ಬೀಳುತ್ತೆ. ಅವರಲ್ಲಿ ಒಬ್ಬಳು ನನ್ನ ಹೆಂಡ್ತಿ.”

“ಇಳಿಸೋಕೆ ಹೇಳು.”

“ನೀವೇ ಹೇಳಿ. ನಾನು ಹೇಳಿದ್ದನ್ನ ಅವಳು ಯಾವತ್ತು ಕೇಳಿದಾಳೆ?”

ಯಜಮಾನರು ಬಾಗಿಲ ಹತ್ತಿರ ಬಂದರು. ಮೆಟ್ಟಿಲ ಮೇಲೆ ಕಾಲಿಡಲಿಲ್ಲ. “ಹೈಮ, ಹೊರಗೆ ಬಾರಮ್ಮ, ಮಾತಾಡೋಣ.”

“ನೀವೇ ಒಳಗೆ ಬನ್ನಿ. ಬಜ್ಜಿ ಬಿಸಿಯಿದೆ.”

“ವಾಲಿದ ಮನೇಲಿ ನಾನು ಮಾತಾಡಲ್ಲ. ಅಲ್ಲಿ ಆಡಿದ ಮಾತು ಮಾತಲ್ಲ.”

ಸರಿ ಮಾಡುತ್ತಿದ್ದೇನೋ ತಪ್ಪು ಮಾಡುತ್ತಿದ್ದೇನೋ ಆಗಲೂ ಗೊತ್ತಿರಲಿಲ್ಲ. ಗೊತ್ತಾಗುವ ತನಕ ಕಾದರೆ ಈ ಮನೆ ಅಂಚು ಮುಟ್ಟಿರುತ್ತದೆ ಎಂಬುದು ಮಾತ್ರ ಗೊತ್ತಿತ್ತು. ಜಾರದಂತೆ ಬಾಗಿಲ ಚೌಕಟ್ಟು ಹಿಡಿದು ನಿಂತೆ. “ಹಂಗಾದ್ರೆ ಹೊರಗೇ ನಿಂತು ಕೇಳಿ. ಮನೆ ವಾಲಿದೆ, ಎಲ್ಲರಿಗೂ ಕಾಣ್ತಿದೆ. ನಾನು ಸಮ ಕೂಗಿಲ್ಲ, ಕೂಗೋದೂ ಇಲ್ಲ. ಈ ವಾಲಿದ ಮನೇಲೇ ನಿಂತು ಹೇಳ್ತಿದೀನಿ, ಜುಬೇದಕ್ಕ ಇಲ್ಲೇ ಇರ್ತಾರೆ. ನನ್ನ ಕೈಯಲ್ಲಿ ಆಗೋ ತನಕ ಅವರ ಜಾಕ್ ನಾನು ಹಿಡೀತೀನಿ. ಇದು ನನ್ನ ಮಾತು. ನೀವು ಲೆಕ್ಕಕ್ಕೆ ತಗೊಳ್ಳಿ, ಬಿಡಿ, ನಾನು ತಗೊಂಡಿದೀನಿ.”

“ವಾಲುಮಾತು” ಅಂದ ಭಾವಮೈದ.

“ಹೌದಪ್ಪ, ವಾಲುಮಾತೇ” ಅಂದಳು ತಿಮ್ಮಕ್ಕ ಬಾಯಲ್ಲಿ ಬಜ್ಜಿ ಇಟ್ಟುಕೊಂಡೇ. “ಅವಳಿಗೆ ಜ್ವರ ಬಂದ ದಿನ ನಾನು ಹಿಡೀತೀನಿ. ನಮ್ಮನೇನೂ ಇನ್ನೂ ಮಟ್ಟ ಆಗಿಲ್ಲ, ಇದನ್ನೂ ಸೇರಿಸ್ಕೊಳ್ಳಿ.” ಅವಳ ಗಂಡ ತನ್ನ ಬಾಗಿಲಿಂದಲೇ ನೋಡುತ್ತಿದ್ದವನು ಗಾಲಿಗೆ ಕೊಡಲು ಎತ್ತಿಕೊಂಡಿದ್ದ ಹಲಗೆಯನ್ನು ಕೆಳಗಿಟ್ಟ. ಸಾಲಿನ ಉದ್ದಕ್ಕೂ ಅಲ್ಲಲ್ಲಿ ಜನ ವಾಲಿದ ಮೆಟ್ಟಿಲುಗಳ ಮೇಲೆ ನಿಂತಿದ್ದರು. ಬಿಸಿಲು ಏರಿತ್ತು. ಅಷ್ಟು ಹೊತ್ತಾದರೂ ನಮ್ಮ ಸಾಲಿನಲ್ಲಿ ಒಬ್ಬರೂ ಸಮ ಕೂಗಿರಲಿಲ್ಲ. ಕೂಗು ಇಲ್ಲದ ಬೆಳಗು ಹೇಗಿರುತ್ತದೆಂದು ಆವತ್ತೇ ಗೊತ್ತಾದದ್ದು. ಬಾಣಲೆಯ ಚುರುಗುಟ್ಟುವ ಸದ್ದು ಬೀದಿಗೆಲ್ಲ ಕೇಳುತ್ತಿತ್ತು.

ಯಜಮಾನರು ಕೆಟ್ಟವರೆಂದು ನಾನು ಈಗಲೂ ಹೇಳಲಾರೆ. ಒಮ್ಮೆ ಬಗ್ಗಿ ಮನೆಯ ಅಡಿಯನ್ನು ನೋಡಿದರು, ಒಮ್ಮೆ ನನ್ನನ್ನು. “ಇನ್ನು ಮೇಲೆ ಈ ಸಾಲಿನವರ ಮಾತು ಊರಿನ ಲೆಕ್ಕಕ್ಕಿಲ್ಲ” ಅಂದರು. “ಯಾವ ಮಾತೂ.”

“ಆಯ್ತು ಯಜಮಾನ್ರೇ” ಅಂದೆ. ಅಷ್ಟು ಸಲೀಸಾಗಿ ನಾನು ಯಾವುದಕ್ಕೂ ಆಯ್ತು ಅಂದದ್ದು ನೆನಪಿಲ್ಲ.

ಅವರು ಹೋದ ಮೇಲೆ ಕರಿಬಸು ಟ್ರ್ಯಾಕ್ಟರಿನಿಂದ ಇಳಿದು ಬಂದು ಬಾಗಿಲಲ್ಲಿ ಕೈ ಚಾಚಿದ. ಜುಬೇದಕ್ಕ ಬಜ್ಜಿ ಕೊಟ್ಟರು. “ಕೆಲಸ ಹೋಯ್ತು ಅನ್ಸುತ್ತೆ” ಅಂದ. ಹೋಗಿತ್ತು ಕೂಡ. ಉದ್ದನೆಯ ಗಾಲಿಮನೆಯನ್ನು ಬೇರೊಬ್ಬ ಎಳೆದುಕೊಂಡು ಶಾಲೆಯ ಹಿಂದಿನ ಬಯಲಲ್ಲಿ ನಿಲ್ಲಿಸಿದ. ಕರಿಬಸು ಈಗ ನಮ್ಮ ಸಾಲಿನವರ ಜಾಕುಗಳಿಗೆ ಎಣ್ಣೆ ಬಿಟ್ಟು, ಸವೆದ ತಿರುಪುಗಳನ್ನು ಬದಲಿಸುತ್ತಾನೆ. ಸೊಂಟನೋವಿನ ಮಾತು ಮಾತ್ರ ನಿಂತಿಲ್ಲ.

ನಮ್ಮ ಸಾಲಿಗೆ ಹೆಣ್ಣು ಕೊಡಲು, ತರಲು ಊರವರು ಹಿಂದೆಮುಂದೆ ನೋಡುತ್ತಾರೆ. ಬೇರೆ ಸಾಲಿನವರು ನನ್ನ ಹತ್ತಿರ ರವಿಕೆ ಹೊಲಿಸುತ್ತಾರೆ, ಆದರೆ ಯಾವ ದಿನ ಕೊಡುತ್ತೇನೆಂದು ನಾನು ಹೇಳಿದರೆ ನಂಬಬೇಕೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ನಾನು ಹೇಳಿದ ದಿನವೇ ಕೊಡುತ್ತೇನೆ. ಬೆಳಿಗ್ಗೆ ಎದ್ದು ಮನೆ ಮಟ್ಟ ಮಾಡುವುದನ್ನು ನಾವು ಬಿಟ್ಟಿಲ್ಲ; ಬಿಟ್ಟರೆ ಸಾರು ಚೆಲ್ಲುತ್ತದೆ, ದಾರದ ಉಂಡೆ ಮಂಚದ ಕೆಳಗೆ ಉರುಳುತ್ತದೆ. ಕೂಗುವುದನ್ನು ಬಿಟ್ಟಿದ್ದೇವೆ. ಬೈಗುಳ ಮಾತ್ರ ತೊಂದರೆಗೆ ಬಂತು. ಯಾವ ಹೊತ್ತಿನದೂ ಮನಸ್ಸಿಗೆ ತಾಗುವುದರಿಂದ ಕರಿಬಸು ಈಗ ನನ್ನಪ್ಪನನ್ನು ಬಿಟ್ಟು ನೆಲವನ್ನು ಬೈಯುತ್ತಾನೆ.

ಇವತ್ತು ಬೆಳಿಗ್ಗೆಯೂ ನೆಲ ಹೊರಳಿತು, ಬಾವಿಯ ಕಡೆಗೆ. ಜುಬೇದಕ್ಕನ ಮನೆಯ ಎಡಗಡೆಯ ಗಾಲಿಗೆ ಹಲಗೆ ಕೊಟ್ಟು, ಕಲ್ಲು ಕೊಟ್ಟು, ಮೂತಿಯ ಜಾಕ್ ತಿರುಗಿಸಿದೆ. “ಇನ್ನೊಂಚೂರು” ಅಂದರು ಒಳಗಿಂದ. ತಿರುಗಿಸಿದೆ. “ಸಾಕು.” ಮೂಲೆಯ ಕಾಲುಗಳನ್ನು ನೆಲಕ್ಕೆ ತಾಗಿಸಿದೆ. ಒಂದು ಸುತ್ತು ಬಂದು ನಾಲ್ಕನ್ನೂ ಮುಟ್ಟಿ ನೋಡಿದೆ, ಮತ್ತೊಂದು ಸುತ್ತು ಬಂದೆ. ಜುಬೇದಕ್ಕ ಎಣ್ಣೆಯ ಡಬ್ಬಿ ಹಿಡಿದು ಬಾಗಿಲಿಗೆ ಬಂದರು.

“ಏನೇ, ಸಮ ಆಯ್ತಾ?”

“ಗೊತ್ತಿಲ್ಲ. ಎಣ್ಣೆ ಹಾಕಿ” ಅಂದೆ.